ಮನಸ್ಸಿನ ಎಂಎಸ್ಸಿ, ಮನೆಯಲ್ಲೇ ಕೂತು: ಓದಿದರೆ ಏನಾಗುತ್ತೇವೆ, ಏನಾಗುವುದಿಲ್ಲ?

ಸಾಗರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅತ್ತಿಗೆ ಒಂದು ರಾತ್ರಿ ನನಗೊಂದು ಜಾಹೀರಾತು ಫಾರ್ವರ್ಡ್ ಮಾಡಿದರು. ವಿದೇಶಿ ವಿಶ್ವವಿದ್ಯಾಲಯವೊಂದರ ಎಂಎಸ್ಸಿ. ವಿಷಯ, ಮಾನಸಿಕ ಆರೋಗ್ಯದ ಮನಃಶಾಸ್ತ್ರ ಮತ್ತು ನರವಿಜ್ಞಾನ. ಪೂರ್ತಿ ಆನ್‌ಲೈನ್. ಕೆಲಸ ಬಿಡಬೇಕಿಲ್ಲ, ವೀಸಾ ಬೇಕಿಲ್ಲ. ಕೆಳಗೆ ಅವರದೊಂದು ಪ್ರಶ್ನೆ: “ಇದನ್ನು ಮುಗಿಸಿದ್ರೆ ನಾನು ಕೌನ್ಸೆಲಿಂಗ್ ಮಾಡಬಹುದಾ? ನೋಡಿ ಹೇಳು ಮಾರಾಯ.”

ಅವರ ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆನೋವು ಅಂತ ಮನೆಗೆ ಹೋಗುವ ಮಕ್ಕಳಿದ್ದಾರೆ. ಸುಮ್ನೆ ಒಂದು ಮೂಲೆಯಲ್ಲಿ ಕೂರುವ ಮಕ್ಕಳಿದ್ದಾರೆ. ಅವರಿಗೆ ಏನಾಗಿದೆ ಅಂತ ತಿಳಿದುಕೊಳ್ಳುವ ಆಸೆ ಅತ್ತಿಗೆಗೆ ಬಹಳ ದಿನದಿಂದ ಇದೆ. ಹಾಗಾಗಿ ಕೇಳಿದ್ದು ಸಹಜ. ಆದರೆ ಉತ್ತರ ಒಂದು ಮೆಸೇಜಿನಲ್ಲಿ ಹಿಡಿಯುವಂಥದ್ದಲ್ಲ. ಯಾಕೆಂದರೆ 2025ರಲ್ಲಿ ನಮ್ಮ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಮನಃಶಾಸ್ತ್ರವನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಕಲಿಸುವುದನ್ನೇ ನಿಲ್ಲಿಸಿದೆ. ಅದೇ ಹೊತ್ತಿಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನಂಥ ದೊಡ್ಡ ಸಂಸ್ಥೆ ಇದೇ ವಿಷಯವನ್ನು ಎಂಎಸ್ಸಿ ಮಟ್ಟದಲ್ಲಿ ಆನ್‌ಲೈನಿನಲ್ಲೇ ಕಲಿಸುತ್ತಿದೆ. ಒಬ್ಬರು ಬೇಡ ಅನ್ನುತ್ತಾರೆ, ಇನ್ನೊಬ್ಬರು ಬನ್ನಿ ಅನ್ನುತ್ತಾರೆ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಹೇಗೆ ಅಂತ ಬುಡದಿಂದ ನೋಡೋಣ.

## ಮೊದಲು ಹೆಸರುಗಳ ಗೋಜಲು

ಮನಸ್ಸಿನ ತೊಂದರೆ ಅಂದಾಗ ನಾವು ನಾಲ್ಕೈದು ಬಗೆಯ ಜನರನ್ನು ಒಂದೇ ಬುಟ್ಟಿಗೆ ಹಾಕುತ್ತೇವೆ.

ಮನೋವೈದ್ಯರು ಅಂದರೆ ಸೈಕಿಯಾಟ್ರಿಸ್ಟ್. ಇವರು ಎಂಬಿಬಿಎಸ್ ಮಾಡಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿಯಂಥ ಪದವಿ ಪಡೆದ ಡಾಕ್ಟರು. ಮಾತ್ರೆ ಬರೆದುಕೊಡಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಡಾಕ್ಟರಲ್ಲ. ಪರೀಕ್ಷೆಗಳ ಮೂಲಕ ತೊಂದರೆಯನ್ನು ಅಳೆಯುತ್ತಾರೆ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ನ್ಯೂರಾಲಜಿಸ್ಟ್ ಅಂದರೆ ಪಾರ್ಶ್ವವಾಯು, ಫಿಟ್ಸ್‌ನಂಥ ನರರೋಗ ನೋಡುವ ಡಾಕ್ಟರು. ನರವಿಜ್ಞಾನಿ ಬೇರೆ. ಅವರು ಮಿದುಳು ಹೇಗೆ ಕೆಲಸ ಮಾಡುತ್ತದೆ ಅಂತ ಸಂಶೋಧನೆ ಮಾಡುವವರು, ರೋಗಿಯನ್ನು ನೋಡಲೇಬೇಕು ಅಂತಿಲ್ಲ. ಇನ್ನು ಕೌನ್ಸೆಲರ್. ಈ ಪದವನ್ನು ನಮ್ಮಲ್ಲಿ ಬಹಳ ಸಡಿಲವಾಗಿ ಬಳಸುತ್ತೇವೆ. ಕಾಲೇಜು ಸೀಟು ಕೊಡಿಸುವವರೂ ಕೌನ್ಸೆಲರ್, ಮನಸ್ಸಿನ ನೋವು ಕೇಳುವವರೂ ಕೌನ್ಸೆಲರ್!

ಮನಃಶಾಸ್ತ್ರ ಮತ್ತು ನರವಿಜ್ಞಾನದ ವ್ಯತ್ಯಾಸ ನಮ್ಮ ಮಾತಿನಲ್ಲೇ ಅಡಗಿದೆ. “ಮನಸ್ಸು ಸರಿ ಇಲ್ಲ” ಅನ್ನುತ್ತೇವೆ. “ತಲೆ ಕೆಟ್ಟುಹೋಯ್ತು” ಅಂತಲೂ ಅನ್ನುತ್ತೇವೆ. ಮನಃಶಾಸ್ತ್ರ ಮೊದಲ ಮಾತಿನ ಕಡೆಯಿಂದ ಹೊರಡುತ್ತದೆ: ಯೋಚನೆ, ಭಾವನೆ, ನೆನಪು, ನಡವಳಿಕೆ. ನರವಿಜ್ಞಾನ ಎರಡನೆಯದರ ಕಡೆಯಿಂದ: ಮಿದುಳು, ನರಕೋಶ, ರಾಸಾಯನಿಕ. ಕೆಲವರು ಮೂರನೆಯ ಮಾತೊಂದನ್ನು ಹೇಳುತ್ತಾರೆ, “ನರದ ವೀಕ್ನೆಸ್ಸು”. ಅದು ಯಾವ ಶಾಸ್ತ್ರಕ್ಕೂ ಸೇರಿದ್ದಲ್ಲ. ಮನಸ್ಸಿನ ಕಾಯಿಲೆ ಅನ್ನುವುದಕ್ಕೆ ನಾಚಿಕೆಪಟ್ಟು ನಾವೇ ಕಟ್ಟಿಕೊಂಡ ಮರೆ ಅಷ್ಟೆ.

## ಎರಡನ್ನೂ ಒಟ್ಟಿಗೆ ಓದುವುದು ಯಾಕೆ?

ಒಂದು ಹುಡುಗಿಯನ್ನು ಊಹಿಸಿಕೊಳ್ಳಿ. ಪಿಯುಸಿ ಓದುತ್ತಿದ್ದಾಳೆ. ಎರಡು ತಿಂಗಳಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ. ಡಾಕ್ಟರು ಖಿನ್ನತೆ ಅನ್ನುತ್ತಾರೆ. ಕಾರಣ ಏನು? ಅಮ್ಮನ ಕಡೆ ಇಬ್ಬರಿಗೆ ಖಿನ್ನತೆ ಇತ್ತು. ಇದು ದೇಹದಿಂದ ಬಂದ ಎಳೆ. ಒಂದು ಅಂಕ ಕಡಿಮೆ ಬಂದರೂ “ನಾನು ಯಾತಕ್ಕೂ ಲಾಯಕ್ಕಿಲ್ಲ” ಅಂತ ಯೋಚಿಸುವ ಅಭ್ಯಾಸ. ಇದು ಮನಸ್ಸಿನ ಎಳೆ. ಮನೆಯಲ್ಲಿ ಸಾಲ, ಹಾಸ್ಟೆಲಿನಲ್ಲಿ ಒಂಟಿತನ. ಇದು ಸುತ್ತಲಿನ ಎಳೆ. ಮೂರೂ ಸೇರಿ ಹಗ್ಗವಾಗಿದೆ. ಬರೀ ಒಂದು ಎಳೆ ಎಳೆದರೆ ಗಂಟು ಬಿಚ್ಚುವುದಿಲ್ಲ.

ಈ ಯೋಚನೆಗೆ 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಒಂದು ಹೆಸರು ಕೊಟ್ಟರು, ಬಯೋಸೈಕೋಸೋಶಿಯಲ್ ಮಾದರಿ. ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕು ಅನ್ನುವುದು ಅದರ ತಿರುಳು. ಇವತ್ತು ಇಂಥ ಪದವಿಗಳ ಅಡಿಪಾಯ ಇದೇ.

ಅವಳಿ ಮಕ್ಕಳ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿ ಹೆಚ್ಚುಕಡಿಮೆ ಒಂದೇ. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಸ್ಕಿಜೋಫ್ರೇನಿಯಾ ಪೂರ್ತಿ ವಂಶವಾಹಿಯ ಕಾಯಿಲೆಯಾಗಿದ್ದರೆ ಒಬ್ಬರಿಗೆ ಬಂದಾಗ ಇನ್ನೊಬ್ಬರಿಗೂ ಬರಲೇಬೇಕಿತ್ತು. ಆದರೆ ಅರ್ಧದಷ್ಟು ಜೋಡಿಗಳಲ್ಲಾದರೂ ಇನ್ನೊಬ್ಬರಿಗೆ ಬರುವುದೇ ಇಲ್ಲ. ಹಾಗಂತ ವಂಶವಾಹಿಗೆ ಪಾತ್ರವೇ ಇಲ್ಲ ಅಂತಲೂ ಅಲ್ಲ. ಬೇರೆ ಜನರಿಗೆ ಹೋಲಿಸಿದರೆ ಈ ಅವಳಿಗಳಿಗೆ ಅಪಾಯ ಬಹಳ ಜಾಸ್ತಿ. ಬೀಜವೂ ಬೇಕು, ಮಣ್ಣೂ ಬೇಕು.

## ಸಿಗಂದೂರಿನ ಲಾಂಚು ಮತ್ತು ಸೆರೊಟೋನಿನ್

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಆದರೆ ಬಹುಪಾಲು ಕಡೆ ಒಂದಕ್ಕೊಂದು ತಾಗಿಕೊಂಡಿಲ್ಲ. ನಡುವೆ ತೀರಾ ಸಣ್ಣ ಸಂದು. ಇದಕ್ಕೆ ಸಿನಾಪ್ಸ್ ಅನ್ನುತ್ತಾರೆ.

ಅತ್ತಿಗೆಗೆ ಇದನ್ನು ಹೇಳುವುದು ಸುಲಭವಾಯಿತು. ಸಿಗಂದೂರಿಗೆ ಸೇತುವೆ ಆಗುವ ಮೊದಲು ಹೇಗಿತ್ತು? ರಸ್ತೆ ಶರಾವತಿ ಹಿನ್ನೀರಿನ ದಡಕ್ಕೆ ಬಂದು ಮುಗಿಯುತ್ತಿತ್ತು. ಅಲ್ಲಿಂದ ಲಾಂಚು ಹತ್ತಿ ಆ ದಡ. ಆಮೇಲೆ ಮತ್ತೆ ರಸ್ತೆ. ನರಕೋಶದಲ್ಲೂ ಹಾಗೇ. ಕೋಶದ ಉದ್ದಕ್ಕೆ ಸಂದೇಶ ವಿದ್ಯುತ್ತಿನ ರೂಪದಲ್ಲಿ ಓಡುತ್ತದೆ. ದಡಕ್ಕೆ ಬಂದ ಮೇಲೆ ರಾಸಾಯನಿಕ ಅನ್ನುವ ಲಾಂಚು ಅದನ್ನು ಆಚೆ ಮುಟ್ಟಿಸುತ್ತದೆ. ಆಚೆ ಕೋಶದಲ್ಲಿ ಮತ್ತೆ ವಿದ್ಯುತ್ತು. ಸೆರೊಟೋನಿನ್, ಡೋಪಮೈನ್ ಅಂತ ಕೇಳಿದ್ದೀರಲ್ಲ, ಅವೆಲ್ಲ ಇಂಥ ಲಾಂಚುಗಳು. ಕೆಲಸ ಮುಗಿದ ಮೇಲೆ ಸೆರೊಟೋನಿನ್ ಬಹುಪಾಲು ತಾನು ಹೊರಟ ದಡಕ್ಕೇ ವಾಪಸ್ ಹೋಗುತ್ತದೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಈ ವಾಪಸಾತಿಗೆ ತಡೆ ಹಾಕುತ್ತವೆ. ಲಾಂಚುಗಳು ನೀರಿನಲ್ಲೇ ಜಾಸ್ತಿ ಹೊತ್ತು ಉಳಿಯುತ್ತವೆ.

ಇಷ್ಟು ಕೇಳಿದ ತಕ್ಷಣ ಅನ್ನಿಸುವುದೇನು? ಓಹೋ, ಹಾಗಾದರೆ ಖಿನ್ನತೆ ಅಂದರೆ ಸೆರೊಟೋನಿನ್ ಕಡಿಮೆ ಆಗಿರುವುದು. ಸಾರಿಗೆ ಉಪ್ಪು ಕಡಿಮೆಯಾಗಿದೆ, ಒಂದು ಚಿಟಿಕೆ ಹಾಕಿದರೆ ಸರಿ! ದಶಕಗಳ ಕಾಲ ಈ ಮಾತು ಚಾಲ್ತಿಯಲ್ಲಿತ್ತು. ಎಂಎಸ್ಸಿ ಮಟ್ಟದ ಓದು ಶುರುವಾಗುವುದು ಇಲ್ಲಿ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಆ ಸಂದಿನಲ್ಲಿ ಬದಲಾವಣೆ ಶುರುವಾಗುತ್ತದೆ. ಆದರೆ ಮನಸ್ಸು ಹಗುರವಾಗಲು ವಾರಗಳು ಬೇಕು. ಬರೀ ಉಪ್ಪಿನ ಲೆಕ್ಕವಾಗಿದ್ದರೆ ಇಷ್ಟು ತಡ ಯಾಕೆ? 2022ರಲ್ಲಿ ಲಂಡನ್ನಿನ ಮನೋವೈದ್ಯೆ ಜೊವಾನಾ ಮಾನ್‌ಕ್ರೀಫ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಸೆರೊಟೋನಿನ್ ಕಡಿಮೆಯಾಗಿದ್ದೇ ಖಿನ್ನತೆಗೆ ಕಾರಣ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ ಅಂದರು. ಅದರ ಮೇಲೂ ವಾದ ನಡೆಯಿತು. ಹಾಗೆ ನೋಡಿದ್ದು ಸರಿಯಲ್ಲ ಅಂದವರೂ ಇದ್ದಾರೆ.

ಇಲ್ಲೊಂದು ಮಾತು ಹೇಳಲೇಬೇಕು. ಕಾರಣ ಗೊತ್ತಿಲ್ಲ ಅಂದರೆ ಮಾತ್ರೆ ಕೆಲಸ ಮಾಡುವುದಿಲ್ಲ ಅಂತ ಅರ್ಥವಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುತ್ತದೆ. ಹಾಗಂತ ಪ್ಯಾರಾಸಿಟಮಾಲ್ ಕಡಿಮೆಯಾಗಿ ಜ್ವರ ಬಂದಿರುವುದಿಲ್ಲ, ಅಲ್ವಾ? ಆದ್ದರಿಂದ ಯಾವುದೋ ಲೇಖನ ಓದಿ, ಇದನ್ನೂ ಸೇರಿಸಿ, ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಡಾಕ್ಟರನ್ನು ಕೇಳಿಯೇ ಮಾಡಬೇಕು.

## ಸತ್ತ ಮೀನು ಯೋಚಿಸಿದ ಕತೆ

ಈ ಕೋರ್ಸಿಗೆ ಸೇರಿದವರು ತತ್ತರಿಸುವುದು ಮಿದುಳಿನ ಪಾಠಕ್ಕಲ್ಲ, ಅಂಕಿಅಂಶದ ಪಾಠಕ್ಕೆ. “ಮನಸ್ಸು ಓದೋಣ ಅಂತ ಬಂದರೆ ಲೆಕ್ಕ ಮಾಡಿಸ್ತಾರಲ್ಲ” ಅಂತ ಗೊಣಗುತ್ತಾರೆ. ಆದರೆ ನನ್ನನ್ನು ಕೇಳಿದರೆ ಇಡೀ ಪದವಿಯಲ್ಲಿ ಬಹಳ ಬೆಲೆ ಬಾಳುವ ಭಾಗ ಇದೇ. ಯಾಕೆ ಅನ್ನುವುದಕ್ಕೆ ಒಂದು ಮೀನಿನ ಕತೆ ಸಾಕು.

ಎಫ್‌ಎಂಆರ್‌ಐ ಅನ್ನುವ ಯಂತ್ರ ಮಿದುಳಿನ ಯಾವ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತಿದೆ ಅಂತ ತೋರಿಸುತ್ತದೆ. ಕೆಲಸ ನಡೆಯುವ ಕಡೆ ರಕ್ತ ಜಾಸ್ತಿ ಬರುತ್ತದೆ ಅನ್ನುವ ಲೆಕ್ಕ. ಪತ್ರಿಕೆಗಳಲ್ಲಿ ಕೆಂಪು ಹಳದಿ ಬಣ್ಣ ಬಳಿದ ಮಿದುಳಿನ ಚಿತ್ರ ಬರುತ್ತದಲ್ಲ, ಅದು ಇದರಿಂದಲೇ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಈ ಯಂತ್ರದೊಳಗೆ ಒಂದು ಸಾಲ್ಮನ್ ಮೀನನ್ನು ಮಲಗಿಸಿದರು. ಸತ್ತ ಮೀನು. ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಈ ವ್ಯಕ್ತಿಗೆ ಏನನ್ನಿಸುತ್ತಿದೆ ಹೇಳು ಅಂತ ಕೇಳಿದರು! ಲೆಕ್ಕ ಹಾಕಿ ನೋಡಿದರೆ ಮೀನಿನ ಮಿದುಳಿನಲ್ಲಿ ಒಂದು ಚುಕ್ಕೆ ಬೆಳಗಿತ್ತು.

ಮೀನು ಯೋಚಿಸಿರಲಿಲ್ಲ. ಯಂತ್ರ ಮಿದುಳನ್ನು ಸಾವಿರಾರು ಪುಟ್ಟ ಚೌಕಗಳಾಗಿ ನೋಡುತ್ತದೆ. ಪ್ರತಿ ಚೌಕಕ್ಕೂ ಒಂದೊಂದು ಪರೀಕ್ಷೆ. ಮಾವಿನ ತೋಪಿನಲ್ಲಿ ಕಣ್ಣು ಮುಚ್ಚಿಕೊಂಡು ಸಾವಿರ ಕಲ್ಲು ಹೊಡೆದರೆ ಕೆಲವು ಕಾಯಿಯಾದರೂ ಬಿದ್ದೇ ಬೀಳುತ್ತವೆ. ಅದನ್ನು ಗುರಿ ಅನ್ನುವುದಿಲ್ಲ. ಇಂಥ ಆಕಸ್ಮಿಕವನ್ನು ಕಳೆಯುವ ಲೆಕ್ಕದ ವಿಧಾನಗಳಿವೆ. ಅವನ್ನು ಬಳಸಿದ ತಕ್ಷಣ ಮೀನಿನ ಚುಕ್ಕೆ ಮಾಯವಾಯಿತು. ಬಳಸದ ಸಂಶೋಧಕರನ್ನು ಎಚ್ಚರಿಸಲು ಮಾಡಿದ ಕೆಲಸ ಅದು. 2012ರಲ್ಲಿ ಅದಕ್ಕೆ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಮನಃಶಾಸ್ತ್ರಕ್ಕೂ ಇಂಥದ್ದೇ ಏಟು ಬಿತ್ತು. 2015ರಲ್ಲಿ ಹೆಸರಾಂತ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿದವು. ಸುಮಾರು 36ರಷ್ಟು ಮಾತ್ರ ಗಟ್ಟಿಯಾಗಿ ನಿಂತವು. ಇದಾದ ಮೇಲೆ ಈ ಶಾಸ್ತ್ರ ತನ್ನ ಕೆಲಸದ ರೀತಿಯನ್ನೇ ತಿದ್ದಿಕೊಳ್ಳತೊಡಗಿತು. ಏನು ಹುಡುಕುತ್ತೇವೆ ಅಂತ ಮೊದಲೇ ಬರೆದಿಡುವುದು, ಮಾಹಿತಿಯನ್ನು ಎಲ್ಲರಿಗೂ ತೆರೆದಿಡುವುದು, ದೊಡ್ಡ ಗುಂಪಿನ ಮೇಲೆ ಅಧ್ಯಯನ ಮಾಡುವುದು. “ದಿನಾ ಹೀಗೆ ಮಾಡಿದರೆ ಮಿದುಳು ಚುರುಕಾಗುತ್ತದೆ ಅಂತ ವಿಜ್ಞಾನಿಗಳು ಹೇಳಿದ್ದಾರೆ” ಅನ್ನುವ ಫಾರ್ವರ್ಡ್ ಬಂದಾಗ ಎಷ್ಟು ಜನರ ಮೇಲೆ, ಯಾರಿಗೆ ಹೋಲಿಸಿ ಅಂತ ಕೇಳುವ ಅಭ್ಯಾಸ ಬರುವುದು ಈ ಪಾಠದಿಂದ.

## ಲಂಡನ್ನಿನ ಆ ಆಸ್ಪತ್ರೆ

ಕಿಂಗ್ಸ್ ಕಾಲೇಜಿನ ಹೆಸರು ಈ ವಿಷಯದಲ್ಲಿ ಪದೇಪದೇ ಬರುವುದಕ್ಕೆ ಕಾರಣ ಇದೆ. ಮನೋವೈದ್ಯ ಹೆನ್ರಿ ಮಾಡ್ಸ್‌ಲಿ 1907ರಲ್ಲಿ ಲಂಡನ್ ಆಡಳಿತಕ್ಕೆ 30,000 ಪೌಂಡ್ ಕೊಡುತ್ತೇನೆ ಅಂದರು. ಕೆಲವು ಷರತ್ತು ಹಾಕಿದರು. ಕಾಯಿಲೆ ಬಲಿಯುವ ಮೊದಲೇ ಚಿಕಿತ್ಸೆ ಸಿಗಬೇಕು, ಹೊರರೋಗಿ ವಿಭಾಗ ಇರಬೇಕು, ಪಾಠ ಮತ್ತು ಸಂಶೋಧನೆ ಅಲ್ಲೇ ನಡೆಯಬೇಕು. ಜನರನ್ನು ಕೂಡಿಹಾಕುವ ಜಾಗವೇ ಮಾನಸಿಕ ಆಸ್ಪತ್ರೆ ಅಂದುಕೊಂಡಿದ್ದ ಕಾಲ ಅದು. ಮಾಡ್ಸ್‌ಲಿ ಆಸ್ಪತ್ರೆ ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಬಳಕೆಯಾಗಿ, 1923ರಲ್ಲಿ ಜನಸಾಮಾನ್ಯರಿಗೆ ತೆರೆಯಿತು. ಅದರ ಕಲಿಕೆಯ ಭಾಗ 1948ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿ ಆಯಿತು. 1997ರಲ್ಲಿ ಕಿಂಗ್ಸ್ ಕಾಲೇಜಿಗೆ ಸೇರಿತು. 2014ರಲ್ಲಿ ಹೆಸರಿಗೆ ಸೈಕಾಲಜಿ, ನ್ಯೂರೋಸೈನ್ಸ್ ಎರಡೂ ಸೇರಿಕೊಂಡವು. ಮೊದಲು ವೈದ್ಯ, ಆಮೇಲೆ ಮನಸ್ಸು, ಆಮೇಲೆ ಮಿದುಳು ಅಂತ ಹೆಸರೇ ಉದ್ದವಾಗುತ್ತಾ ಹೋಯಿತು.

ನಮ್ಮಲ್ಲೂ ಇಂಥದ್ದೇ ದಾರಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಅನ್ನುವ ಬಾನುಲಿ ಶುರುಮಾಡಿದ್ದೂ ಇದೇ ಮೇಷ್ಟ್ರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಅದೂ, ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಆ ಹೆಸರಿನಲ್ಲೂ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಜೊತೆಜೊತೆಗೇ ಇವೆ. ಹಾಗಾಗಿ ಈ ಜೋಡಿ ಲಂಡನ್ನಿನಿಂದ ಬಂದ ಹೊಸ ಫ್ಯಾಷನ್ ಏನಲ್ಲ.

## ಆನ್‌ಲೈನ್ ಎಂಎಸ್ಸಿ ನಡೆಯುವುದು ಹೇಗೆ?

ಬ್ರಿಟನ್ನಿನಲ್ಲಿ ಎಂಎಸ್ಸಿ ಅಂದರೆ 180 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ ಸುಮಾರು 10 ಗಂಟೆ ಓದು ಅಂತ ಲೆಕ್ಕ. ಅಲ್ಲಿಗೆ 1,800 ಗಂಟೆ. ಕೆಲಸದ ಜೊತೆ ಎರಡು ವರ್ಷದಲ್ಲಿ ಮುಗಿಸಬೇಕಾದರೆ ವಾರಕ್ಕೆ 17 ಗಂಟೆಗೂ ಜಾಸ್ತಿ ಬೇಕು. ದಿನಾ ಎರಡೂವರೆ ಗಂಟೆ, ಭಾನುವಾರವೂ ಸೇರಿ. “ಬಿಡುವಿದ್ದಾಗ ಓದಿ” ಅನ್ನುವ ಜಾಹೀರಾತಿನ ಮಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಬೇಕು. ಪೂರ್ತಿ ಆಗದಿದ್ದರೆ 60 ಕ್ರೆಡಿಟ್ಟಿಗೆ ಸ್ನಾತಕೋತ್ತರ ಸರ್ಟಿಫಿಕೇಟ್, 120ಕ್ಕೆ ಡಿಪ್ಲೊಮಾ ಅಂತ ನಡುವೆ ಇಳಿಯುವ ನಿಲ್ದಾಣಗಳೂ ಇವೆ.

ತರಗತಿ ಅಂದರೆ ಕ್ಯಾಮೆರಾ ಮುಂದೆ ದಿನವಿಡೀ ಕೂರುವುದಲ್ಲ. ರೆಕಾರ್ಡ್ ಮಾಡಿದ ಪಾಠ, ಓದಬೇಕಾದ ಸಂಶೋಧನಾ ಲೇಖನ, ವಾರವಾರದ ಕೆಲಸ, ಸಹಪಾಠಿಗಳ ಜೊತೆ ಬರಹದಲ್ಲಿ ಚರ್ಚೆ. ಆಗಾಗ ನೇರ ತರಗತಿ ಇರುತ್ತದೆ. ಲಂಡನ್ನಿನಲ್ಲಿ ಮಧ್ಯಾಹ್ನ 2 ಗಂಟೆ ಅಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಅವರು ಗಡಿಯಾರದ ಮುಳ್ಳು ತಿರುಗಿಸುವುದರಿಂದ ಈ ಒಂದು ಗಂಟೆಯ ವ್ಯತ್ಯಾಸ. ಶಾಲೆ ಬಿಟ್ಟು ಮನೆಗೆ ಬಂದು ಕಾಫಿ ಕುಡಿದು ಕೂರಬಹುದಾದ ಹೊತ್ತು. ಅಮೆರಿಕದ ಕೋರ್ಸಾದರೆ ಈ ಸುಖ ಇಲ್ಲ.

ಪರೀಕ್ಷೆ ಬಹುಪಾಲು ಬರವಣಿಗೆಯದು. ಪ್ರಬಂಧ, ಸಣ್ಣ ರಸಪ್ರಶ್ನೆ, ಮಾಹಿತಿ ಕೊಟ್ಟು ವಿಶ್ಲೇಷಣೆ. ನಮ್ಮ ಕಡೆಯವರಿಗೆ ಕಷ್ಟವಾಗುವುದು ಪ್ರಬಂಧ. ಗೊತ್ತಿರುವುದನ್ನೆಲ್ಲ ಬರೆದು ಪುಟ ತುಂಬಿಸಿದರೆ ಅಂಕ ಬರುವುದಿಲ್ಲ. ಈ ಅಧ್ಯಯನ ಹೀಗೆ ಹೇಳುತ್ತದೆ, ಆದರೆ ಅದರ ದೋಷ ಇದು, ಹಾಗಾಗಿ ನಾನು ಇಷ್ಟನ್ನು ಮಾತ್ರ ನಂಬುತ್ತೇನೆ ಅಂತ ವಾದ ಕಟ್ಟಬೇಕು.

ಕೊನೆಗೊಂದು ಸಂಶೋಧನೆ. ಜನರ ಮನಸ್ಸಿನ ಬಗ್ಗೆ ನೇರವಾಗಿ ಅಧ್ಯಯನ ಮಾಡಲು ನೀತಿ ಸಮಿತಿಯ ಒಪ್ಪಿಗೆ ಬೇಕು. ದೂರದಲ್ಲಿ ಕೂತ ವಿದ್ಯಾರ್ಥಿಗೆ ಅದು ಸುಲಭವಲ್ಲ. ಹಾಗಾಗಿ ಇಂಥ ಕೋರ್ಸುಗಳಲ್ಲಿ ಈಗಾಗಲೇ ಸಂಗ್ರಹವಾದ ಮಾಹಿತಿ ಬಳಸುವುದು, ಅಥವಾ ಪ್ರಕಟವಾದ ಅಧ್ಯಯನಗಳನ್ನು ಕ್ರಮವಾಗಿ ಜಾಲಾಡುವುದು ರೂಢಿ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ ಸುಮಾರು 5 ಲಕ್ಷ ಸ್ವಯಂಸೇವಕರ ಆರೋಗ್ಯದ ಮಾಹಿತಿ ಇದೆ. ಸಂಶೋಧಕರು ಅನುಮತಿ ಪಡೆದು ಬಳಸುವ ಇಂಥ ಕಣಜಗಳಿರುವುದರಿಂದ ಲ್ಯಾಬಿನ ಬಾಗಿಲು ತುಳಿಯದೆಯೂ ನಿಜವಾದ ಸಂಶೋಧನೆ ಸಾಧ್ಯ.

ಒಂದು ಸಣ್ಣ ಎಚ್ಚರ. ಕಾಯಿಲೆಗಳ ಲಕ್ಷಣ ಓದುತ್ತಾ ಹೋದಂತೆ ಎಲ್ಲವೂ ತನಗೇ ಇದೆ ಅನ್ನಿಸತೊಡಗುತ್ತದೆ. ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಇದು ಹಳೆಯ ಕತೆ. ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ಹೋಗದಿದ್ದರೆ, ಅಥವಾ ತಮ್ಮದೇ ನೋವಿಗೆ ಉತ್ತರ ಹುಡುಕಲು ಕೋರ್ಸಿಗೆ ಸೇರಿದ್ದರೆ, ಎಂಎಸ್ಸಿ ಅದಕ್ಕೆ ಔಷಧಿಯಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

## ಹಾಗಾದರೆ ಚಿಕಿತ್ಸೆ ಮಾಡಬಹುದಾ?

ಅತ್ತಿಗೆಯ ಪ್ರಶ್ನೆಗೆ ಬರೋಣ. ಉತ್ತರ, ಇಲ್ಲ.

ಕೆಎಸ್‌ಆರ್‌ಟಿಸಿ ಬಸ್ಸಿನ ಎಂಜಿನ್ ಹೇಗೆ ಓಡುತ್ತದೆ ಅಂತ ಪೂರ್ತಿ ತಿಳಿದವರಿದ್ದಾರೆ ಅಂದುಕೊಳ್ಳಿ. ಅವರ ಕೈಗೆ ಆಗುಂಬೆ ಘಾಟಿಯಲ್ಲಿ ಸ್ಟೇರಿಂಗ್ ಕೊಡುತ್ತೇವಾ? ಅದಕ್ಕೆ ಬೇರೆಯದೇ ತರಬೇತಿ ಬೇಕು, ಪಕ್ಕದಲ್ಲಿ ಅನುಭವಿ ಒಬ್ಬರು ಕೂತು ನೋಡಿರಬೇಕು, ಲೈಸೆನ್ಸ್ ಬೇಕು. ಆನ್‌ಲೈನ್ ಎಂಎಸ್ಸಿ ಎಂಜಿನ್ ಕಲಿಸುತ್ತದೆ. ಘಾಟಿ ಇಳಿಸುವುದನ್ನಲ್ಲ.

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ಬರೆದಿಟ್ಟಿದೆ. ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಒಪ್ಪಿದ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿಯ ಅರ್ಹತೆ ಇರಬೇಕು. ಅಥವಾ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಮಾಡಿರಬೇಕು. ಅದರಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿದ ತರಬೇತಿ ಇರಲೇಬೇಕು. ಹೊಸ ಶಿಕ್ಷಣ ನೀತಿ ಎಂಫಿಲ್ ಬೇಡ ಅಂದಿರುವುದರಿಂದ ಆ ಜಾಗಕ್ಕೆ ಬೇರೆ ಕೋರ್ಸುಗಳು ಬರುತ್ತಿವೆ. ಆದರೆ ಮೇಲ್ವಿಚಾರಣೆಯ ತರಬೇತಿ ಅನ್ನುವ ಷರತ್ತು ಎಲ್ಲೂ ಸಡಿಲವಾಗಿಲ್ಲ.

ಬ್ರಿಟನ್ನಿನಲ್ಲೂ ಇದೇ. ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಬಿರುದಿಗೆ ಕಾನೂನಿನ ಕಾವಲಿದೆ. ಸಾಮಾನ್ಯವಾಗಿ ಮೂರು ವರ್ಷದ ಡಾಕ್ಟರೇಟ್ ಮಾಡಿ, ಅದರ ನಡುವೆಯೇ ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ದುಡಿದು, ಆರೋಗ್ಯ ವೃತ್ತಿಗಳ ಮೇಲೆ ಕಣ್ಣಿಡುವ ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಆ ಡಾಕ್ಟರೇಟಿಗೆ ಅರ್ಜಿ ಹಾಕುವ ಮೊದಲು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ ಇರುವ ಪದವಿ ಬೇಕು. ಹೆಸರು ಎಷ್ಟೇ ಹತ್ತಿರ ಇದ್ದರೂ ಎಲ್ಲ ಎಂಎಸ್ಸಿಗೂ ಆ ಮಾನ್ಯತೆ ಇರುವುದಿಲ್ಲ. ಜಾಹೀರಾತಿನಲ್ಲಿ ಈ ಮಾತು ಇದ್ದರೆ ಸಣ್ಣ ಅಕ್ಷರದಲ್ಲಿರುತ್ತದೆ.

## ಯುಜಿಸಿ ತಡೆದದ್ದು ಏನನ್ನು?

2021ರಲ್ಲಿ ಸಂಸತ್ತು ಆರೋಗ್ಯ ಕ್ಷೇತ್ರದ ಹಲವು ವೃತ್ತಿಗಳಿಗೆ ಒಂದು ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ತಂದಿತು. ಫಿಸಿಯೋಥೆರಪಿ, ಲ್ಯಾಬ್ ತಂತ್ರಜ್ಞಾನ, ಆಹಾರ ಪಥ್ಯ, ಮನಃಶಾಸ್ತ್ರದಂಥ ಕೆಲಸಗಳಿಗೆ ಒಂದೇ ಅಳತೆ ಇರಲಿ ಅನ್ನುವುದು ಉದ್ದೇಶ. ಈ ಕಾಯ್ದೆಯ ವ್ಯಾಪ್ತಿಗೆ ಬರುವ ಕೋರ್ಸುಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಡೆಸಕೂಡದು ಅಂತ ಯುಜಿಸಿ ಹೇಳಿತು. ಪಟ್ಟಿಯಲ್ಲಿ ಮನಃಶಾಸ್ತ್ರದ ಹೆಸರಿದೆ. ಕೈಯಿಂದ ಮಾಡಿ ಕಲಿಯಬೇಕಾದ ವೃತ್ತಿಗೆ ಕೈತರಬೇತಿ ಇಲ್ಲದೆ ಜನ ಬರಬಾರದು ಅನ್ನುವುದು ಇದರ ಹಿಂದಿನ ತರ್ಕ.

ಇದರ ಬಿಸಿ ತಟ್ಟಿದ್ದು ಗೃಹಿಣಿಯರಿಗೆ, ಸಣ್ಣ ಊರಿನ ನೌಕರರಿಗೆ. ರೆಗ್ಯುಲರ್ ಕಾಲೇಜಿಗೆ ಹೋಗಲಾಗದ ಎಷ್ಟೋ ಜನರಿಗೆ ದೂರಶಿಕ್ಷಣದ ಎಂಎ ಒಂದೇ ದಾರಿಯಾಗಿತ್ತು.

ಈಗ ವಿದೇಶಿ ಕೋರ್ಸುಗಳ ಜಾಹೀರಾತು ಜಾಸ್ತಿ ಕಣ್ಣಿಗೆ ಬೀಳುತ್ತಿದ್ದರೆ ಅಚ್ಚರಿಯಿಲ್ಲ. ಲಂಡನ್ನಿನ ವಿಶ್ವವಿದ್ಯಾಲಯಕ್ಕೆ ನಮ್ಮ ಯುಜಿಸಿಯ ತಡೆ ಅನ್ವಯಿಸುವುದಿಲ್ಲ. ಓದುವುದಕ್ಕೆ ಯಾರೂ ಬೇಡ ಅನ್ನುವುದೂ ಇಲ್ಲ. ಆದರೆ ವಿದೇಶಿ ಪದವಿ ಇಲ್ಲಿನ ಪದವಿಗೆ ಸಮ ಅಂತ ಸರ್ಟಿಫಿಕೇಟ್ ಬೇಕಾದಾಗ ಕಷ್ಟ. 2025ರಲ್ಲೇ ಯುಜಿಸಿ ತಂದ ಇನ್ನೊಂದು ನಿಯಮ, ಆ ದೇಶದಲ್ಲಿ ತರಗತಿಗೆ ಹೋಗಿ ಮುಖಾಮುಖಿ ಓದಿದ್ದಕ್ಕೆ ಸಮಾನತೆ ಕೊಡುತ್ತದೆ, ಆನ್‌ಲೈನ್ ಓದಿಗಲ್ಲ. ಅಂದರೆ ಸರ್ಕಾರಿ ಕಾಲೇಜಿನ ಉಪನ್ಯಾಸಕ ಹುದ್ದೆಗೋ ಇಲ್ಲಿನ ಪಿಎಚ್‌ಡಿಗೋ ಇದನ್ನು ನಂಬಿಕೊಂಡು ಹತ್ತು ಲಕ್ಷ ದಾಟುವ ಶುಲ್ಕ ಕಟ್ಟುವ ಮೊದಲು ಸೇರಬೇಕೆಂದಿರುವ ಕಡೆಯೇ ಬರಹದಲ್ಲಿ ಕೇಳಿಕೊಳ್ಳಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

## ಮತ್ತೆ ಯಾರಿಗೆ ಉಪಯೋಗ?

ಈಗಾಗಲೇ ಒಂದು ಕೆಲಸದಲ್ಲಿದ್ದು ಅದಕ್ಕೆ ಈ ತಿಳಿವಳಿಕೆ ಬೇಕಾದವರಿಗೆ. ನರ್ಸ್, ಸಮಾಜಕಾರ್ಯಕರ್ತೆ, ಆರೋಗ್ಯದ ಬಗ್ಗೆ ಬರೆಯುವ ಪತ್ರಕರ್ತ, ಔಷಧ ಕಂಪನಿಯ ಸಂಶೋಧನೆಯಲ್ಲಿರುವವರು, ಮಾನಸಿಕ ಆರೋಗ್ಯದ ಆ್ಯಪ್ ಕಟ್ಟುವ ಬೆಂಗಳೂರಿನ ಎಂಜಿನಿಯರು. ವಿದೇಶದಲ್ಲಿ ಸಂಶೋಧನಾ ಸಹಾಯಕರಾಗಲು ಹೊರಟವರಿಗೂ ಒಂದು ಮೆಟ್ಟಿಲಾಗಬಹುದು.

ನಮ್ಮಲ್ಲಿ ಇಂಥ ತಿಳಿವಳಿಕೆಯ ಜನರಿಗೆ ಕೆಲಸವಿಲ್ಲ ಅಂತಲ್ಲ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಷ್ಟೂ ಜನರನ್ನು ತಜ್ಞರೇ ನೋಡಲು ಆಗುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಅದೇ ‘ಬಳ್ಳಾರಿ ಮಾದರಿ’ಯಾಗಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಗುರುತಿಸುವುದು, ಸರಿಯಾದ ಕಡೆ ಕಳಿಸುವುದು, ಆಮೇಲೆ ವಿಚಾರಿಸಿಕೊಳ್ಳುವುದು. ಶಿಕ್ಷಕಿಯೊಬ್ಬರು ಶಾಲೆಯಲ್ಲಿ ಮಾಡಬಹುದಾದದ್ದೂ ಇದೇ. ಅದಕ್ಕೆ ಲಂಡನ್ ಪದವಿ ಬೇಕೇ ಬೇಕು ಅಂತೇನಿಲ್ಲ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಮನಃಶಾಸ್ತ್ರದ ಪಾಠಗಳು ಉಚಿತವಾಗಿವೆ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಸಣ್ಣ ಶುಲ್ಕ.

ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ರಜೆಯಲ್ಲಿ ಬೆಂಗಳೂರಿಗೆ ಬಂದಾಗ ನಿಮ್ಹಾನ್ಸ್‌ನ ಮಿದುಳಿನ ಮ್ಯೂಸಿಯಂಗೂ ಕರೆದುಕೊಂಡು ಹೋದೆ. ಗಾಜಿನ ಜಾಡಿಗಳಲ್ಲಿ ಬಗೆಬಗೆಯ ಮಿದುಳುಗಳಿವೆ. ಕೊನೆಗೆ ಗ್ಲೌಸ್ ಹಾಕಿಸಿ ಒಂದನ್ನು ಕೈಗೇ ಕೊಟ್ಟರು. ಅತ್ತಿಗೆ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಇದರಲ್ಲಿ ಆ ಹುಡುಗರ ಹೊಟ್ಟೆನೋವು ಎಲ್ಲಿದೆ ಅಂತ ಇವರಿಗೂ ಪೂರ್ತಿ ಗೊತ್ತಿಲ್ಲ ಅಂದಿಯಲ್ಲ?” ಅಂದರು. ಹೌದು ಅಂದೆ. ಊರಿಗೆ ಹೋದ ಮೇಲೆ ಸ್ವಯಂನಲ್ಲಿ ಹೆಸರು ನೋಂದಾಯಿಸಿದ ಸ್ಕ್ರೀನ್‌ಶಾಟ್ ಬಂತು. ಜೊತೆಗೆ ಇನ್ನೊಂದು ಫೋಟೋ. ಶಾಲೆಯ ನೋಟಿಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ 14416 ಅಂತ ಬರೆದು ಅಂಟಿಸಿದ್ದರು.